ಹೊರದೇಶದಲ್ಲಿ ಕರ್ನಾಟಕ ಸಂಗೀತದ ಪಾಠ: ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕ, ಇಂಗ್ಲೆಂಡ್, ಆಸ್ಟ್ರೇಲಿಯಗಳಲ್ಲಿ ಹಾಡುಗಾರಿಕೆ ಕಲಿಯುವವರು, ಮಕ್ಕಳನ್ನು ಪಾಠಕ್ಕೆ ಕೂರಿಸುವ ತಂದೆತಾಯಿ ಮತ್ತು ಅಲ್ಲಿಯ ಮಕ್ಕಳಿಗೆ ಇಲ್ಲಿಂದ ಹೇಳಿಕೊಡುವ ಗುರುಗಳು, ಮೂವರಿಗೂ ಉಪಯೋಗವಾಗಲಿ ಎಂದು ಈ ಉತ್ತರಗಳನ್ನು ಬರೆದಿದ್ದೇವೆ.

ಮಗುವಿಗೆ ಎಷ್ಟನೇ ವಯಸ್ಸಿನಲ್ಲಿ ಪಾಠ ಶುರು ಮಾಡಬೇಕು?

ಆರು ತುಂಬಿದ ಮೇಲೆ. ವಯಸ್ಸಿಗಿಂತ ಮುಖ್ಯವಾದದ್ದು ಒಂದು ಸಣ್ಣ ಪರೀಕ್ಷೆ. ತಂಬೂರಿ ಹಾಕಿ, ನೀವು ‘ಸ’ ಹಿಡಿಯಿರಿ. ಮಗು ಅದೇ ‘ಸ’ಕ್ಕೆ ಬಂದು ಸೇರುತ್ತದೆಯೇ, ಸೇರದಿದ್ದರೆ ಹುಡುಕುತ್ತದೆಯೇ ನೋಡಿ. ಹುಡುಕುತ್ತಿದ್ದರೆ ಸಾಕು, ಶುರು ಮಾಡಬಹುದು. ಇನ್ನೂ ಚಿಕ್ಕ ಮಗುವನ್ನು ಪರದೆಯ ಮುಂದೆ ಅರ್ಧ ಗಂಟೆ ಕೂರಿಸಿದರೆ ಪಾಠವೂ ಆಗುವುದಿಲ್ಲ, ಪಾಠವೆಂದರೆ ಬೇಸರವೆಂಬ ಭಾವನೆ ಮಾತ್ರ ಗಟ್ಟಿಯಾಗುತ್ತದೆ. ಆ ವಯಸ್ಸಿಗೆ ಮನೆಯಲ್ಲಿ ದಿನವೂ ತಂಬೂರಿ ಕೇಳಿಸುವುದು, ಎರಡು ದೇವರನಾಮ ಬಾಯಿಪಾಠ ಮಾಡಿಸುವುದು ಸಾಕಷ್ಟಾಯಿತು.

ಊರಲ್ಲೇ ಒಬ್ಬ ಟೀಚರ್ ಇದ್ದಾರೆ. ಬೆಂಗಳೂರಿನ ಹೆಸರಾಂತ ವಿದ್ವಾಂಸರು ಆನ್‌ಲೈನ್‌ನಲ್ಲಿ ಹೇಳಿಕೊಡಲು ಒಪ್ಪಿದ್ದಾರೆ. ಯಾರ ಹತ್ತಿರ ಸೇರಿಸಲಿ?

ಮೊದಲ ಮೂರು ವರ್ಷ ಊರಿನ ಟೀಚರ್ ಹತ್ತಿರವೇ ಸೇರಿಸಿ; ಅವರ ಶ್ರುತಿ, ತಾಳ ಶುದ್ಧವಾಗಿದ್ದರೆ ಸಾಕು. ಆರಂಭದ ಪಾಠ ನಡೆಯುವುದೇ ಗುರು-ಶಿಷ್ಯರು ಒಟ್ಟಿಗೆ ಹಾಡುವುದರಿಂದ. ಎದುರಿಗೆ ಕೂತ ಗುರುಗಳ ದನಿಯ ಪಕ್ಕಕ್ಕೆ ತನ್ನ ದನಿಯನ್ನು ತಂದಿಟ್ಟುಕೊಂಡೇ ಮಗು ಶ್ರುತಿ ಸೇರುವುದನ್ನು ಕಲಿಯುತ್ತದೆ. ಇಂಟರ್ನೆಟ್ ಮೇಲೆ ಇದೊಂದು ಮಾತ್ರ ಆಗುವುದಿಲ್ಲ. ಆರಂಭದ ಅಭ್ಯಾಸಗಳನ್ನೂ ಗೀತೆಗಳನ್ನೂ ದಾಟಿ ವರ್ಣಕ್ಕೆ ಬಂದ ಮೇಲೆ ವಿದ್ವಾಂಸರ ಹತ್ತಿರ ಸೇರಿಸಿದರೆ ಅವರ ವಿದ್ವತ್ತಿನ ಪೂರ್ಣ ಪ್ರಯೋಜನ ಸಿಗುತ್ತದೆ. ನೂರು ಮೈಲಿಯೊಳಗೆ ಯಾರೂ ಇಲ್ಲವೆಂದಾದರೆ ಆನ್‌ಲೈನ್‌ನಲ್ಲೇ ಶುರು ಮಾಡಿ. ಆದರೆ ಮನೆಯವರೊಬ್ಬರು ಪಕ್ಕದಲ್ಲಿ ಕೂತು ತಾಳ ಹಾಕಬೇಕು.

ಗುರುಗಳ ಜೊತೆಗೇ ಹಾಡುತ್ತೇನೆ, ಆದರೂ ಅವರು ‘ಹಿಂದೆ ಬೀಳುತ್ತಿದ್ದೀಯ’ ಎನ್ನುತ್ತಾರೆ. ಏಕೆ?

ತಪ್ಪು ನಿಮ್ಮದೂ ಅಲ್ಲ, ಗುರುಗಳದೂ ಅಲ್ಲ. ಅವರ ದನಿ ನಿಮ್ಮನ್ನು ತಲುಪಿ, ನಿಮ್ಮ ದನಿ ವಾಪಸ್ ಅವರನ್ನು ತಲುಪುವುದಕ್ಕೆ ಭಾರತ-ಅಮೆರಿಕ ನಡುವೆ ಸುಲಭವಾಗಿ ಕಾಲು ಸೆಕೆಂಡ್ ಹಿಡಿಯುತ್ತದೆ. ಲೆಕ್ಕ ಹಾಕಿ ನೋಡಿ: ಸೆಕೆಂಡಿಗೊಂದು ಅಕ್ಷರದಂತೆ (ತಾಳದ ಒಂದು ಎಣಿಕೆ) ತಾಳ ಹಾಕಿ, ಸರಳೆಯನ್ನು (ಮೊದಲ ಸ್ವರಾಭ್ಯಾಸ) ಮೂರನೇ ಕಾಲದಲ್ಲಿ, ಅಂದರೆ ನಾಲ್ಕರಷ್ಟು ವೇಗದಲ್ಲಿ, ಹಾಡಿದರೆ ಅಕ್ಷರಕ್ಕೆ ನಾಲ್ಕು ಸ್ವರ, ಅಂದರೆ ಒಂದು ಸ್ವರಕ್ಕೆ ಕಾಲು ಸೆಕೆಂಡ್. ನೀವು ಸರಿಯಾಗಿ ‘ಗ’ ಹಾಡಿದಾಗ ಗುರುಗಳು ‘ಮ’ದಲ್ಲಿರುತ್ತಾರೆ. ದುಡ್ಡು ಕೊಟ್ಟು ಎಷ್ಟು ವೇಗದ ಸಂಪರ್ಕ ತಂದರೂ ಈ ದೂರ ಅಳಿಯುವುದಿಲ್ಲ.

ಹಾಗಾಗಿ ಪಾಠವನ್ನೇ ಬೇರೆ ರೀತಿ ಕಟ್ಟಬೇಕು. ಗುರುಗಳು ಒಂದು ಸಾಲು ಎರಡು ಸಲ ಹಾಡಲಿ, ಶಿಷ್ಯ ಸುಮ್ಮನೆ ಕೇಳಲಿ. ಮೂರನೇ ಸಲ ಶಿಷ್ಯ ತನ್ನ ಮೈಕ್ ಮುಚ್ಚಿ ಗುರುಗಳ ದನಿಯ ಜೊತೆ ಹಾಡಲಿ. ಆಗ ಅವನ ಕಿವಿಗೆ ಇಬ್ಬರದೂ ಕೂಡಿಯೇ ಕೇಳಿಸುತ್ತದೆ. ಆಮೇಲೆ ಮೈಕ್ ತೆರೆದು, ತನ್ನ ತಂಬೂರಿ, ತನ್ನ ತಾಳದ ಮೇಲೆ ಒಬ್ಬನೇ ಹಾಡಲಿ. ಈ ಸಲ ಗುರುಗಳು ಕೈ ಕಟ್ಟಿ ಕೂರಬೇಕು. ಅವರು ತಾಳ ಹಾಕಿದರೆ ಶಿಷ್ಯ ಅವರ ಕೈ ನೋಡಿಕೊಂಡು ಹಾಡುತ್ತಾನೆ. ಕೈಯೋ ಕಾಲು ಸೆಕೆಂಡ್ ಹಳೆಯದು, ತಾಳ ಜಾರಿ ಹೋಗುತ್ತದೆ. ತಾಳ ಯಾವಾಗಲೂ ಹಾಡುವವನ ಕೈಯಲ್ಲಿ, ತಂಬೂರಿ ಯಾವಾಗಲೂ ಹಾಡುವವನ ಕೋಣೆಯಲ್ಲಿ. ಆನ್‌ಲೈನ್ ಪಾಠಕ್ಕೆ ಇದಕ್ಕಿಂತ ದೊಡ್ಡ ನಿಯಮವಿಲ್ಲ.

ಜೂಮ್‌ನಲ್ಲಿ ತಂಬೂರಿಯೇ ಕೇಳಿಸುವುದಿಲ್ಲ. ಉದ್ದಕ್ಕೆ ‘ಸ’ ಹಿಡಿದರೆ ನಡುವೆ ದನಿ ಮಾಯವಾಗುತ್ತದೆ.

ಇಂಥ ಆಪ್‌ಗಳು ಮಾತಿಗಾಗಿ ಮಾಡಿದವು. ಒಂದೇ ಸಮನೆ ಬರುವ ನಾದವನ್ನು ಫ್ಯಾನಿನ ಸದ್ದೆಂದು ತಿಳಿದು ಅಳಿಸಿಬಿಡುತ್ತವೆ. ತಂಬೂರಿಗೂ, ಸ್ವರವನ್ನು ಎಳೆದು ನಿಲ್ಲಿಸುವ ಕಾರ್ವೆಗೂ ಅದೇ ಗತಿ. ಜೂಮ್‌ನ ಆಡಿಯೋ ಸೆಟ್ಟಿಂಗ್‌ನಲ್ಲಿ ‘ಒರಿಜಿನಲ್ ಸೌಂಡ್ ಫಾರ್ ಮ್ಯುಸಿಶಿಯನ್ಸ್’ ಎಂಬುದನ್ನು ಆರಿಸಿ, ಅದರ ಕೆಳಗಿನ ‘ಹೈ ಫಿಡೆಲಿಟಿ ಮ್ಯೂಸಿಕ್ ಮೋಡ್’ ಅನ್ನೂ ಆರಿಸಿ. ಇಲ್ಲಿಗೆ ನಿಲ್ಲಿಸುವವರೇ ಹೆಚ್ಚು. ಪಾಠ ಶುರುವಾದ ಮೇಲೆ ಪರದೆಯ ಮೇಲೆ ಅದೇ ಹೆಸರಿನ ಗುಂಡಿ ‘ಆನ್’ ಆಗಿದೆಯೇ ಎಂದು ಮತ್ತೆ ನೋಡಬೇಕು. ಎರಡೂ ಕಡೆಯವರು ಇದನ್ನು ಮಾಡಬೇಕು, ಒಬ್ಬರು ಮಾಡಿದರೆ ಅರ್ಧವೇ ಸರಿಹೋಗುತ್ತದೆ.

ಪ್ರತಿಧ್ವನಿ ತಡೆಯುವ ಸೆಟ್ಟಿಂಗನ್ನೂ ‘ಆಫ್’ ಮಾಡಿದರೆ ಹೆಡ್‌ಫೋನ್ ಬೇಕೇ ಬೇಕು, ಅದೂ ತಂತಿ ಇರುವುದು. ಬ್ಲೂಟೂತ್ ಹೆಡ್‌ಫೋನಿನ ಮೈಕನ್ನೇ ಬಳಸಿದರೆ ದನಿ ಫೋನಿನ ಮಾತಿನ ಮಟ್ಟಕ್ಕೆ ಇಳಿಯುತ್ತದೆ, ಜೊತೆಗೆ ತಡವೂ ಹೆಚ್ಚುತ್ತದೆ. ಹೆಡ್‌ಫೋನನ್ನು ಒಂದೇ ಕಿವಿಗೆ ಹಾಕಿ ಇನ್ನೊಂದು ಕಿವಿಯನ್ನು ತಂಬೂರಿಗೂ ಸ್ವಂತ ದನಿಗೂ ಬಿಡಿ. ಎರಡೂ ಕಿವಿ ಮುಚ್ಚಿಕೊಂಡ ಮಕ್ಕಳು ಶ್ರುತಿ ಏರಿಸುತ್ತಲೇ ಹೋಗುತ್ತಾರೆ. ಮೈಕ್ ಬಾಯಿಂದ ಒಂದೂವರೆ ಗೇಣು ದೂರದಲ್ಲಿ, ತುಸು ಓರೆಯಾಗಿರಲಿ. ಸಾಧ್ಯವಾದರೆ ವೈಫೈ ಬಿಟ್ಟು ಕೇಬಲ್ ಹಾಕಿ.

ಶ್ರುತಿ ಎಷ್ಟು ಮನೆಗೆ ಇಡಬೇಕು?

ಹೆಣ್ಣುಮಕ್ಕಳಿಗೂ ದನಿ ಒಡೆಯದ ಗಂಡುಮಕ್ಕಳಿಗೂ ಸಾಮಾನ್ಯವಾಗಿ ಐದರಿಂದ ಆರು ಮನೆ, ವಯಸ್ಕ ಗಂಡಸರಿಗೆ ಒಂದರಿಂದ ಎರಡು. ಮನೆ ಎಂದರೆ ‘ಸ’ವನ್ನು ನಿಲ್ಲಿಸುವ ಜಾಗ; ಕೀಬೋರ್ಡ್ ಲೆಕ್ಕದಲ್ಲಿ ಒಂದು ಮನೆ ಎಂದರೆ ಸಿ, ಐದು ಮನೆ ಎಂದರೆ ಜಿ. ನಿಮ್ಮದನ್ನು ಕಂಡುಕೊಳ್ಳಲು ಮಂದ್ರದ ‘ಪ’ವನ್ನೂ ತಾರದ ‘ಪ’ವನ್ನೂ ಹಾಡಿ ನೋಡಿ. ಕೆಳಗಿನದು ಬರೀ ಗಾಳಿಯಾದರೆ ಶ್ರುತಿ ಏರಿಸಿ, ಮೇಲಿನದಕ್ಕೆ ಕತ್ತು ಚಾಚುವಂತಾದರೆ ಇಳಿಸಿ. ಗುಂಪಿನ ಪಾಠದಲ್ಲಿ ಎಲ್ಲರಿಗೂ ಒಂದೇ ಶ್ರುತಿ ಇದ್ದರೂ ಮನೆಯ ಅಭ್ಯಾಸ ಅವರವರ ಶ್ರುತಿಯಲ್ಲೇ ಆಗಬೇಕು.

ತಂಬೂರಿ ಆಪ್ ಆದರೂ ಸರಿ, ಎಲೆಕ್ಟ್ರಾನಿಕ್ ತಂಬೂರಿ ಪೆಟ್ಟಿಗೆಯಾದರೂ ಸರಿ. ಆಪ್ ಆದರೆ ಫೋನಿನ ಸ್ವಂತ ಸ್ಪೀಕರಿನಲ್ಲಿ ಬೇಡ. ಒಂದೂವರೆ ಮನೆಯ ಮಂದ್ರ ಷಡ್ಜ, ಅಂದರೆ ಕೆಳಗಿನ ‘ಸ’, ಸುಮಾರು 69 ಹರ್ಟ್ಸ್. ಅಷ್ಟು ತಗ್ಗಿನ ನಾದವನ್ನು ಆ ಪುಟ್ಟ ಸ್ಪೀಕರ್ ಹೊರಡಿಸುವುದೇ ಇಲ್ಲ. ಮಗುವಿಗೆ ಕೇಳಿಸುವುದು ಬರೀ ಜುಂಯ್ ಎನ್ನುವ ಮೇಲಿನ ಪದರ. ಹೊರಗಿನ ಸ್ಪೀಕರಿಗೆ ಜೋಡಿಸಿ. ಬೆಂಗಳೂರಿನಿಂದ ಪೆಟ್ಟಿಗೆ ಒಯ್ಯುವುದಾದರೆ ಅಡಾಪ್ಟರಿನ ಮೇಲೆ 100-240 ವೋಲ್ಟ್ ಎಂದು ಬರೆದಿದೆಯೇ ನೋಡಿಕೊಳ್ಳಿ. ಬರೀ 230 ಎಂದಿದ್ದರೆ ಅಮೆರಿಕದ 120 ವೋಲ್ಟಿಗೆ ಬೇರೆ ಅಡಾಪ್ಟರ್ ಬೇಕಾಗುತ್ತದೆ.

ಮಗಳು ಪಿಯಾನೋ ಕಲಿಯುತ್ತಾಳೆ, ಶಾಲೆಯ ಕಾಯರ್‌ನಲ್ಲೂ ಇದ್ದಾಳೆ. ತೊಂದರೆಯೇ?

ಬಿಡಿಸಬೇಡಿ. ಕಾಯರ್‌ನ ಮಕ್ಕಳಿಗೆ ಉಸಿರಿನ ಹಿಡಿತವೂ ಸುತ್ತಲಿನವರ ದನಿ ಕೇಳಿಸಿಕೊಳ್ಳುವ ಅಭ್ಯಾಸವೂ ಇರುತ್ತದೆ. ನೋಡಿಕೊಳ್ಳಬೇಕಾದ್ದು ಎರಡು. ಮೊದಲನೆಯದು ಸ್ವರಸ್ಥಾನ. ಆರಂಭದ ಪಾಠಗಳ ರಾಗವಾದ ಮಾಯಾಮಾಳವಗೌಳದ ಅಂತರ ಗಾಂಧಾರ (‘ಗ’) ತಂಬೂರಿಯ ಷಡ್ಜದ ತಂತಿಯೊಳಗೇ ಅನುರಣನವಾಗಿ ಕೇಳಿಸುತ್ತದೆ. ಕೀಬೋರ್ಡಿನ ಮನೆ ಅದಕ್ಕಿಂತ ಸುಮಾರು 14 ಸೆಂಟ್ಸ್ ಮೇಲಿದೆ, ಅಂದರೆ ಅರ್ಧ ಸ್ವರದ ಏಳನೇ ಒಂದು ಪಾಲು. ಕೀಬೋರ್ಡ್ ಒತ್ತಿಕೊಂಡು ಸರಳೆ ಕಲಿತ ಮಗುವಿನ ಗಾಂಧಾರ ಸದಾ ಸ್ವಲ್ಪ ಚೂಪಾಗಿರುತ್ತದೆ. ಕೂಡು ದನಿಯ ಸುಖ ಅದಕ್ಕೆ ಗೊತ್ತೇ ಆಗುವುದಿಲ್ಲ. ಎರಡನೆಯದು ಉದ್ದ ಸ್ವರದ ತುದಿಯಲ್ಲಿ ತಾನಾಗಿ ಬರುವ ನಡುಕ. ಅದನ್ನು ಗಮಕವೆಂದು, ಅಂದರೆ ರಾಗಕ್ಕೆ ಬೇಕಾದ ಸ್ವರದ ತೂಗಾಟವೆಂದು, ಭ್ರಮಿಸಬಾರದು. ಎಂಟು ಅಕ್ಷರ ಕಾಲ ಅಲುಗದ ಷಡ್ಜ, ಎಂಟು ಅಕ್ಷರ ಅಲುಗದ ಪಂಚಮ, ದಿನವೂ ಹತ್ತು ಸಲ.

ಸರಳೆ, ಜಂಟೆ ಎಷ್ಟು ದಿನ? ಮಗುವಿಗೆ ಬೇಸರ ಬಂದಿದೆ.

ವಾರಕ್ಕೆ ಎರಡು ಪಾಠ, ದಿನಕ್ಕೆ ಇಪ್ಪತ್ತು ನಿಮಿಷದ ಅಭ್ಯಾಸವಿದ್ದರೆ ಸರಳೆಯಿಂದ ಅಲಂಕಾರದ ಕೊನೆಯವರೆಗೆ ಹತ್ತಿರ ಹತ್ತಿರ ಒಂದೂವರೆ ವರ್ಷ. ಪುರಂದರದಾಸರು ಹಾಕಿಕೊಟ್ಟರೆಂದು ನಾವೆಲ್ಲ ನಂಬಿರುವ ಈ ಕ್ರಮ ಮಾಯಾಮಾಳವಗೌಳದಲ್ಲಿ ಇರುವುದಕ್ಕೆ ಕಾರಣವಿದೆ. ಸ-ರಿ-ಗ-ಮ ನಡುವಿನ ಅಂತರಗಳೇ ಪ-ದ-ನಿ-ಸದಲ್ಲೂ ಮರಳುತ್ತವೆ. ಕೆಳಗಿನ ಅರ್ಧ ಕೂತರೆ ಮೇಲಿನ ಅರ್ಧಕ್ಕೆ ದಾರಿ ಗೊತ್ತಿರುತ್ತದೆ. ಪುಟ್ಟ ‘ರಿ’, ದೊಡ್ಡ ನೆಗೆತದ ‘ಗ’ ಅಕ್ಕಪಕ್ಕದಲ್ಲೇ ಇರುವುದರಿಂದ ಕಿವಿಗೆ ಗುರುತು ಸುಲಭ.

ಬೇಸರ ಬರುವುದು ಸರಳೆಯಿಂದಲ್ಲ, ಬದಲಾವಣೆಯೇ ಇಲ್ಲದ ಸರಳೆಯಿಂದ. ಒಂದು ದಿನ ಸ್ವರದಲ್ಲಿ, ಮರುದಿನ ಬರೀ ‘ಆ’ ಎನ್ನುವ ಅಕಾರದಲ್ಲಿ. ಒಂದು ಕಾಲ ಗಟ್ಟಿಯಾದ ಮೇಲೆ ಹಾಡುತ್ತ ಹಾಡುತ್ತಲೇ ಎರಡನೇ ಕಾಲಕ್ಕೆ ಏರಿ ಮತ್ತೆ ಒಂದಕ್ಕೆ ಇಳಿಯುವುದು. ಸಪ್ತತಾಳ ಅಲಂಕಾರಗಳಿಗೆ ಬಂದಾಗ ಮಕ್ಕಳಿಗೆ ಎಣಿಸುವ ಖುಷಿ: ಧ್ರುವಕ್ಕೆ 14 ಅಕ್ಷರ, ಮಠ್ಯಕ್ಕೆ 10, ರೂಪಕಕ್ಕೆ 6, ಝಂಪೆಗೆ 10, ತ್ರಿಪುಟಕ್ಕೆ 7, ಅಟ್ಟಕ್ಕೆ 14, ಏಕಕ್ಕೆ 4. ಝಂಪೆಯಲ್ಲಿ ಏಳು ಎಣಿಸುವಾಗ ಕಿರುಬೆರಳಿನಿಂದ ಹೆಬ್ಬೆರಳಿಗೆ ಹೋಗಿ ಮತ್ತೆ ಕಿರುಬೆರಳಿಗೆ ಬರುವಲ್ಲಿ ಎಲ್ಲರೂ ಎಡವುತ್ತಾರೆ. ಕ್ಯಾಮೆರಾದಲ್ಲಿ ಮುಖದ ಜೊತೆ ತೊಡೆಯ ಮೇಲಿನ ಕೈಯೂ ಕಾಣುವಂತೆ ಕೂರಿಸಿದರೆ ಮಾತ್ರ ಗುರುಗಳಿಗೆ ಅದು ಗೊತ್ತಾಗುತ್ತದೆ.

ನಂತರ ಮಲಹರಿ ರಾಗದ ಪಿಳ್ಳಾರಿ ಗೀತೆಗಳು, ಇನ್ನು ನಾಲ್ಕೈದು ಗೀತೆ, ಎರಡು ಸ್ವರಜತಿ, ಆಮೇಲೆ ವರ್ಣ. ವರ್ಣಗಳನ್ನು ಎಂಟಕ್ಕಿಂತ ಕಡಿಮೆ ಮಾಡಿ ಕೃತಿಗೆ ಹೋಗುವುದು ನಮಗೆ ಒಪ್ಪಿಗೆಯಿಲ್ಲ.

ಮಕ್ಕಳಿಗೆ ಕನ್ನಡ ಓದಲು ಬಾರದು. ಸಾಹಿತ್ಯವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಡಬಹುದೇ?

ಕೊಡಬಹುದು, ಆದರೆ ಅದರ ಫಲವೂ ಗೊತ್ತಿರಲಿ. ‘ಲಂಬೋದರ’ ಇಂಗ್ಲಿಷಿನ ‘ಡಿ’ ಅಕ್ಷರದಿಂದ ‘ಲಂಬೋಡರ’ ಆಗುತ್ತದೆ. ‘ಟಿಎಚ್’ ಕಂಡಲ್ಲಿ ಮಗು ತ, ಥ, ದ ಮೂರನ್ನೂ ಒಂದೇ ಮಾಡುತ್ತದೆ. ಲ-ಳ, ನ-ಣ ವ್ಯತ್ಯಾಸ ಕಾಗದದ ಮೇಲೇ ಇರುವುದಿಲ್ಲ. ಕನ್ನಡ ಅಕ್ಷರಮಾಲೆ ಕಲಿಯಲು ದಿನಕ್ಕೆ ಕಾಲು ಗಂಟೆಯಂತೆ ಮೂರು-ನಾಲ್ಕು ತಿಂಗಳು ಸಾಕು. ಸಂಗೀತದ ಮೊದಲ ವರ್ಷದಲ್ಲೇ ಅದೂ ಆಗಿಹೋಗಲಿ. ತೆಲುಗು, ಸಂಸ್ಕೃತ ಕೃತಿಗಳಿಗೂ ಕನ್ನಡ ಲಿಪಿ ಸಲೀಸಾಗಿ ಒದಗುತ್ತದೆ.

ಅಕ್ಷರ ಬಂದರೂ ನಾಲಿಗೆಯ ಕೆಲಸ ಬೇರೆ ಇದೆ. ಅಲ್ಲೇ ಹುಟ್ಟಿ ಬೆಳೆದ ಮಕ್ಕಳು ‘ಪ’ ಎನ್ನುವಾಗ ಗಾಳಿ ಊದುತ್ತಾರೆ, ಅದು ‘ಫ’ ಕಡೆ ಹೊರಳುತ್ತದೆ. ಬಾಯಿಯ ಮುಂದೆ ತೆಳ್ಳನೆಯ ಕಾಗದದ ಚೂರು ಹಿಡಿದು ‘ಪ’ ಹಾಡಿಸಿ. ಕಾಗದ ಅಲುಗದಿದ್ದರೆ ಸರಿ. ‘ಓ’ ಎಳೆದಾಗ ಕೊನೆಗೆ ‘ಉ’ ಸೇರುವುದು, ‘ಏ’ ಎಳೆದಾಗ ‘ಇ’ ಸೇರುವುದು ಇನ್ನೊಂದು. ತುಟಿಯನ್ನು ಕನ್ನಡಿಯಲ್ಲಿ ನೋಡಿಕೊಂಡು, ಸ್ವರ ಮುಗಿಯುವವರೆಗೆ ತುಟಿ ಕದಲದಂತೆ ಹಾಡಿಸಿದರೆ ಒಂದು ತಿಂಗಳಲ್ಲಿ ಹೋಗುತ್ತದೆ. ‘ರಿ’ಯಲ್ಲಿ ನಾಲಿಗೆ ಹಿಂದಕ್ಕೆ ಮಡಚುವುದು ಮಾತ್ರ ಮೊಂಡು ಅಭ್ಯಾಸ; ಅದಕ್ಕೆ ಪ್ರತಿದಿನವೂ ಹೇಳುತ್ತಲೇ ಇರಬೇಕು.

‘ಕೆರೆಯ ನೀರನು ಕೆರೆಗೆ ಚೆಲ್ಲಿ’ ಎನ್ನುವ ಗೀತೆ ಕನ್ನಡದ್ದೇ. ಅದರ ಅರ್ಥವನ್ನು ಬಿಡಿಸಿ ಹೇಳಿ. ಅರ್ಥ ತಿಳಿದ ಮಗು ಪದವನ್ನು ಮಧ್ಯದಲ್ಲಿ ಒಡೆದು ಉಸಿರು ತೆಗೆದುಕೊಳ್ಳುವುದಿಲ್ಲ.

ಕನ್ನಡ, ತೆಲುಗು ಯಾವುದೂ ಗೊತ್ತಿಲ್ಲದವರು ಕಲಿಯಬಹುದೇ?

ಕಲಿತು ತೋರಿಸಿದವರಿದ್ದಾರೆ. ಅಮೆರಿಕದ ಜಾನ್ ಹಿಗಿನ್ಸ್ ವೆಸ್ಲಿಯನ್ ವಿಶ್ವವಿದ್ಯಾಲಯದಲ್ಲಿ ಈ ಸಂಗೀತದ ಪರಿಚಯ ಮಾಡಿಕೊಂಡು, ಆಮೇಲೆ ಭಾರತಕ್ಕೆ ಬಂದು ಕೊಳಲು ವಿದ್ವಾಂಸ ಟಿ. ವಿಶ್ವನಾಥನ್ ಅವರ ಶಿಷ್ಯರಾಗಿ, ನೃತ್ಯ ಕಲಾವಿದೆ ಬಾಲಸರಸ್ವತಿಯವರ ಹತ್ತಿರವೂ ಕಲಿತು, ‘ಭಾಗವತರ್’ ಎಂದೇ ಕರೆಸಿಕೊಂಡರು. 1984ರಲ್ಲಿ ತೀರಿಕೊಂಡರು. ಅವರು ಹಾಡಿದ ‘ಕೃಷ್ಣಾ ನೀ ಬೇಗನೆ ಬಾರೋ’ ಧ್ವನಿಮುದ್ರಣವನ್ನು ಮಕ್ಕಳಿಗೆ ಕೇಳಿಸಿ. ಕನ್ನಡದ ಅಕ್ಷರಗಳು ಎಷ್ಟು ಬಿಡಿಬಿಡಿಯಾಗಿ, ಮೃದುವಾಗಿ ಬಂದಿವೆ ಎಂಬುದೇ ಒಂದು ಪಾಠ.

ಗಮಕವನ್ನು ಪರದೆಯ ಮೇಲೆ ಹೇಳಿಕೊಡಲು ಆಗುತ್ತದೆಯೇ?

ಆಗುತ್ತದೆ, ನಿಧಾನವಾಗಿ. ಪುಸ್ತಕದಲ್ಲಿ ತೋಡಿಯ ಗಾಂಧಾರಕ್ಕೂ ‘ಗ’ ಎಂದೇ ಬರೆದಿರುತ್ತದೆ, ಶಂಕರಾಭರಣದ ಗಾಂಧಾರಕ್ಕೂ ‘ಗ’ ಎಂದೇ. ಸ್ಥಾನ ಬೇರೆ ಎಂಬುದು ಹಾಗಿರಲಿ, ತೋಡಿಯ ಗಾಂಧಾರ ನಿಂತಲ್ಲಿ ನಿಲ್ಲುವುದೇ ಇಲ್ಲ. ರಿಷಭಕ್ಕೂ ಮಧ್ಯಮಕ್ಕೂ ನಡುವೆ ತೂಗುತ್ತದೆ. ಮೊದಲು ‘ರಿ-ಮ-ರಿ-ಮ’ ಎಂದು ಸ್ವರ ಹೇಳಿಕೊಂಡೇ, ಒಂದು ಅಕ್ಷರಕ್ಕೊಂದು ಸ್ವರದಂತೆ ಜೋಡಿಸಿ ಹಾಡಿಸಿ. ನಂತರ ಅದೇ ಓಡಾಟವನ್ನು ಅಕಾರದಲ್ಲಿ, ಒಡಕಿಲ್ಲದೆ. ಬಳಿಕ ಅದನ್ನೇ ‘ಗ’ ಎಂದು ಹೆಸರಿಟ್ಟು ಎರಡರಷ್ಟು ವೇಗ, ನಾಲ್ಕರಷ್ಟು ವೇಗ. ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪು: ವೇಗ ಹೆಚ್ಚಿದಾಗ ತೂಗಾಟ ಮೇಲಕ್ಕೆ ಪೂರ್ತಿ ಹೋಗುವುದಿಲ್ಲ, ಕೇಳುವುದಕ್ಕೆ ಬರೀ ನಡುಕದಂತಿರುತ್ತದೆ. ಆಗ ಮತ್ತೆ ನಿಧಾನಕ್ಕೆ ಇಳಿಯಬೇಕು, ಬೇರೆ ದಾರಿಯಿಲ್ಲ.

ಬಿರ್ಕಾಗಳು, ಅಂದರೆ ಸ್ವರಗಳ ವೇಗದ ಓಟಗಳು, ಇಂಟರ್ನೆಟ್ ಮೇಲೆ ಕಲಸಿಹೋಗುತ್ತವೆ. ಅಂಥ ಸಂಗತಿಗಳನ್ನು (ಒಂದೇ ಸಾಲನ್ನು ಬಗೆಬಗೆಯಾಗಿ ಹಾಡುವ ರೂಪಗಳು) ಗುರುಗಳು ಫೋನಿನಲ್ಲಿ ಧ್ವನಿಮುದ್ರಿಸಿ ಕಡತವನ್ನೇ ಕಳಿಸಬೇಕು: ತಂಬೂರಿ ಹಿನ್ನೆಲೆಯಲ್ಲಿ, ತಾಳ ಕೇಳುವಂತೆ, ಸಾಲಿಗೆ ಎರಡು ಸಲ ನಿಧಾನವಾಗಿ, ಒಂದು ಸಲ ಹಾಡುವ ವೇಗದಲ್ಲಿ. ಕಡತಕ್ಕೆ ರಾಗ, ತಾಳ, ಸಾಲಿನ ಮೊದಲ ಪದ ಹೆಸರಾಗಿರಲಿ. ಎರಡು ವರ್ಷ ಕಳೆದ ಮೇಲೆ ಹುಡುಕುವಾಗ ಇದರ ಬೆಲೆ ತಿಳಿಯುತ್ತದೆ.

ಅಪಾರ್ಟ್‌ಮೆಂಟಿನ ಗೋಡೆ ತೆಳು. ಪಕ್ಕದ ಮನೆಯವರಿಗೆ ತೊಂದರೆಯೆಂದು ಮಗ ಮೆಲ್ಲಗೆ ಹಾಡುತ್ತಾನೆ.

ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ವರ್ಷಗಟ್ಟಲೆ ಪಿಸುದನಿಯಲ್ಲಿ ಅಭ್ಯಾಸ ಮಾಡಿದವರಿಗೆ ಕಳ್ಳದನಿ ಅಂಟಿಕೊಳ್ಳುತ್ತದೆ. ಆಮೇಲೆ ಬಾಯಿಬಿಟ್ಟು ಹಾಡಿ ಎಂದರೂ ಆಗುವುದಿಲ್ಲ. ಬಟ್ಟೆ ತುಂಬಿದ ಕ್ಲಾಸೆಟ್ ಬಾಗಿಲು ತೆರೆದು ಅದರತ್ತ ಮುಖ ಮಾಡಿ ಹಾಡಿದರೆ ಸದ್ದು ಹೊರಗೆ ಹೋಗುವುದು ಎಷ್ಟೋ ತಗ್ಗುತ್ತದೆ. ನಿಲ್ಲಿಸಿದ ಕಾರಿನಲ್ಲಿ ಕೂತು ಹಾಡುವವರೂ ಇದ್ದಾರೆ, ಒಳ್ಳೆಯ ಉಪಾಯ. ಪಕ್ಕದ ಮನೆಯವರಿಗೆ ಮೊದಲೇ ಹೇಳಿ ಒಂದು ಹೊತ್ತು ಗೊತ್ತುಮಾಡಿಕೊಂಡರೆ ಇನ್ನೂ ಒಳ್ಳೆಯದು. ಚಳಿಗಾಲದಲ್ಲಿ ಹೀಟರಿನ ಒಣಗಾಳಿ ಗಂಟಲನ್ನು ಒಣಗಿಸುತ್ತದೆ. ಕೋಣೆಯಲ್ಲಿ ಹ್ಯುಮಿಡಿಫೈಯರ್ ಇರಲಿ, ಹಿಮದಿಂದ ಒಳಗೆ ಬಂದ ತಕ್ಷಣ ತಾರಸ್ಥಾಯಿ ಬೇಡ.

ಮಗನಿಗೆ ಹದಿಮೂರು. ದನಿ ಒಡೆಯುತ್ತಿದೆ. ಪಾಠ ನಿಲ್ಲಿಸಬೇಕೇ?

ನಿಲ್ಲಿಸಬೇಡಿ. ಈ ಹೊತ್ತಿನಲ್ಲಿ ಬಿಟ್ಟ ಹುಡುಗರು ಹೆಚ್ಚಾಗಿ ಮರಳಿ ಬರುವುದಿಲ್ಲ. ಶ್ರುತಿ ಇಳಿಸುತ್ತ ಬನ್ನಿ. ಐದು ಮನೆಯಲ್ಲಿದ್ದವನು ಒಂದೂವರೆ ವರ್ಷದಲ್ಲಿ ಒಂದೂವರೆ, ಎರಡು ಮನೆಗೆ ಬಂದು ನಿಲ್ಲಬಹುದು. ತಿಂಗಳಿಗೊಮ್ಮೆ ಶ್ರುತಿ ಪರೀಕ್ಷಿಸಿ, ಮಂದ್ರ ‘ಪ’ದಿಂದ ಮಧ್ಯ ‘ನಿ’ಯವರೆಗಷ್ಟೇ ಹಾಡಿಸಿ. ಉಳಿದ ಸಮಯಕ್ಕೆ ತಾಳ, ಸ್ವರ ಬರೆಯುವುದು, ರಾಗ ಗುರುತಿಸುವುದು. ದನಿ ಒಡೆದದ್ದಕ್ಕೆ ನಗುವವರು ಮನೆಯಲ್ಲಿ ಯಾರೂ ಇರಬಾರದು.

ಪಾಠದ ಸಮಯವನ್ನು ಹೇಗೆ ಹೊಂದಿಸುವುದು?

ಕ್ಯಾಲಿಫೋರ್ನಿಯದ ಶುಕ್ರವಾರ ಸಂಜೆ 6.30 ಭಾರತದಲ್ಲಿ ಶನಿವಾರ ಬೆಳಗ್ಗೆ 7 ಗಂಟೆ; ಗುರುಗಳ ಕಂಠಕ್ಕೂ ಒಳ್ಳೆಯ ಹೊತ್ತು. ನ್ಯೂಜೆರ್ಸಿಗೆ ಅದೇ ಹೊತ್ತು ರಾತ್ರಿ 9.30, ಮಕ್ಕಳಿಗೆ ಆಗದು. ಅವರಿಗೆ ಶನಿವಾರ ಬೆಳಗ್ಗೆ 9, ಇಲ್ಲಿ ಸಂಜೆ 6.30 ಸರಿ. ಲಂಡನ್ನಿನ ಬೆಳಗ್ಗೆ 10 ಇಲ್ಲಿಯ ಮಧ್ಯಾಹ್ನ 2.30. ಇವೆಲ್ಲ ಅವರ ಬೇಸಿಗೆಯ ಲೆಕ್ಕ. ಅಮೆರಿಕದಲ್ಲಿ ನವೆಂಬರಿನ ಮೊದಲ ಭಾನುವಾರ, ಬ್ರಿಟನ್ನಿನಲ್ಲಿ ಅಕ್ಟೋಬರಿನ ಕೊನೆಯ ಭಾನುವಾರ ಗಡಿಯಾರ ಒಂದು ಗಂಟೆ ಹಿಂದೆ ಹೋಗುತ್ತದೆ. ಅಮೆರಿಕದಲ್ಲಿ ಮಾರ್ಚಿನ ಎರಡನೇ ಭಾನುವಾರ, ಬ್ರಿಟನ್ನಿನಲ್ಲಿ ಕೊನೆಯ ಭಾನುವಾರ ಮುಂದೆ ಬರುತ್ತದೆ. ಆ ವಾರಗಳಲ್ಲಿ ಗುರುಗಳು ಕಾದು ಕೂರುವಂತಾಗದಿರಲು ಹಿಂದಿನ ವಾರವೇ ನೆನಪಿಸಿ. ವಾರಕ್ಕೆ ಒಂದು ಗಂಟೆಗಿಂತ ಅರ್ಧರ್ಧ ಗಂಟೆಯ ಎರಡು ಪಾಠ ಮೇಲು.

ಸಂಭಾವನೆ?

ಮೊದಲೇ ಬಾಯಿಬಿಟ್ಟು ಮಾತಾಡಿಕೊಳ್ಳಿ: ತಿಂಗಳಿಗೋ ಪಾಠಕ್ಕೋ, ಪಾಠ ತಪ್ಪಿದರೆ ಎಷ್ಟು ಹೊತ್ತು ಮುಂಚೆ ತಿಳಿಸಬೇಕು. ಮೂರು ತಿಂಗಳಿಗೊಮ್ಮೆ ಕಳಿಸಿದರೆ ಬ್ಯಾಂಕಿನ ಶುಲ್ಕ ಉಳಿಯುತ್ತದೆ.

ಏಪ್ರಿಲ್ಲಿನಲ್ಲಿ ಸ್ಪರ್ಧೆ ಇದೆ. ವರ್ಣ ಮುಗಿಯುವ ಮೊದಲೇ ಕೃತಿ ಹೇಳಿಕೊಡಿ ಎಂದು ಕೇಳಬಹುದೇ?

ಕೇಳಬೇಡಿ. ಓಹಾಯೋದ ಕ್ಲೀವ್‌ಲ್ಯಾಂಡಿನಲ್ಲಿ 1978ರಿಂದ ನಡೆದು ಬಂದಿರುವ ತ್ಯಾಗರಾಜ ಆರಾಧನೆಯಂಥ ಉತ್ಸವಗಳು ಮಕ್ಕಳಿಗೆ ದೊಡ್ಡ ಉತ್ಸಾಹ ಕೊಟ್ಟಿವೆ, ಹೋಗಲೇಬೇಕು. ಆದರೆ ಒಂದೇ ಕೃತಿಯನ್ನು ಆರು ತಿಂಗಳು ತಿದ್ದಿ ತೀಡಿ ಬಹುಮಾನ ತಂದ ಮಗು ಹೊಸ ವರ್ಣವೊಂದನ್ನು ಎರಡು ಕಾಲದಲ್ಲಿ ಹಾಡಲಾರದೆ ಕೂರುವುದು ತುಂಬ ಸಂಕಟದ ವಿಷಯ. ಮೊದಲ ವರ್ಷ ಕೇಳುಗರಾಗಿ ಹೋಗಿ.

ತ್ಯಾಗರಾಜರ ಪಂಚರತ್ನ ಕೃತಿಗಳ ಗುಂಪು ಗಾಯನಕ್ಕೆ ಸಿದ್ಧವಾಗುವವರಿಗೆ ಒಂದು ಸೂಚನೆ. ನಾಟ, ಗೌಳ, ಆರಭಿ, ವರಾಳಿ, ಶ್ರೀ ಎಂಬ ಐದು ರಾಗಗಳಲ್ಲಿ ವರಾಳಿಯನ್ನು ನೇರವಾಗಿ ಹೇಳಿಕೊಟ್ಟರೆ ಗುರು-ಶಿಷ್ಯರಲ್ಲಿ ವಿರಸ ಬರುತ್ತದೆಂಬ ನಂಬಿಕೆ ಹಿಂದಿನಿಂದಲೂ ಇದೆ. ನಿಮ್ಮ ಗುರುಗಳು ಅದನ್ನು ಬಿಟ್ಟರೆ ಒತ್ತಾಯಿಸಬೇಡಿ. ಕೇಳಿಯೇ ಕಲಿಯುವುದು ವಾಡಿಕೆ.

ಬೇರೆ ಊರಿಗೆ ಬಂದೆವು. ಹೊಸ ಗುರುಗಳು ಹಳೆಯ ಕೃತಿಯ ಸಂಗತಿಗಳನ್ನು ಬದಲಿಸುತ್ತಿದ್ದಾರೆ.

ಅವರ ಪಾಠಾಂತರ, ಅಂದರೆ ಗುರುಪರಂಪರೆಯಿಂದ ಬಂದ ಹಾಡುವ ರೀತಿ, ಬೇರೆ, ಅಷ್ಟೆ. ಹಳೆಯದು ತಪ್ಪೆಂದಲ್ಲ. ಹಳೆಯ ಕೃತಿಗಳನ್ನು ಹಳೆಯ ರೀತಿಯಲ್ಲೇ ಧ್ವನಿಮುದ್ರಿಸಿ ಇಟ್ಟುಕೊಳ್ಳಿ. ಹೊಸ ಗುರುಗಳ ಹತ್ತಿರ ಹೊಸ ಕೃತಿಗಳಿಂದಲೇ ಶುರು ಮಾಡಿ. ಒಂದೇ ಕೃತಿಯಲ್ಲಿ ಎರಡು ಪಾಠಾಂತರ ಬೆರೆಸಿದರೆ ವೇದಿಕೆಯ ಮೇಲೆ ಅನುಪಲ್ಲವಿಯ ನಡುವೆ ದಾರಿ ತಪ್ಪುತ್ತದೆ.

ಬೇಸಿಗೆ ರಜೆಯಲ್ಲಿ ಬೆಂಗಳೂರಿಗೆ ಬಂದರೆ ಎಷ್ಟು ಕಲಿಸಬಹುದು?

ಹೊಸ ಕೃತಿಗಳ ಪಟ್ಟಿ ಹಿಡಿದು ಬರಬೇಡಿ. ನಾಲ್ಕು ವಾರವಿದ್ದರೆ ಆನ್‌ಲೈನ್‌ನಲ್ಲಿ ಕಲಿತದ್ದನ್ನು ಗುರುಗಳ ಜೊತೆ ಕೂತು ಒಟ್ಟಿಗೆ ಹಾಡಿ ತಿದ್ದಿಕೊಳ್ಳುವುದೇ ಮುಖ್ಯ ಕೆಲಸ. ಅದರ ಜೊತೆ ಒಂದು ವರ್ಣ, ಎರಡು ಕೃತಿ ಸಾಕು. ಮೃದಂಗದವರೊಬ್ಬರನ್ನು ಗೊತ್ತುಮಾಡಿಕೊಂಡು ವಾರಕ್ಕೆರಡು ಸಲ ಅವರೊಂದಿಗೆ ಹಾಡಿಸಿ. ಆಪ್ ತಾಳದ ಮೇಲೆ ಬೆಳೆದ ಮಗುವಿಗೆ ಜೀವಂತ ಮೃದಂಗದ ಎದುರು ಹಾಡುವುದೇ ಬೇರೆ ಅನುಭವ. ಜೂನ್‌-ಜುಲೈನಲ್ಲಿ ದೊಡ್ಡ ಕಛೇರಿಗಳು ಕಡಿಮೆ. ರಾಮನವಮಿ ಹೊತ್ತಿಗೆ ಬರಲು ಸಾಧ್ಯವಾದರೆ ಚಾಮರಾಜಪೇಟೆಯ ಕೋಟೆ ಪ್ರೌಢಶಾಲೆಯ ಮೈದಾನದಲ್ಲಿ ಶ್ರೀರಾಮಸೇವಾ ಮಂಡಳಿಯವರ ಸಂಗೀತೋತ್ಸವ ನಡೆಯುತ್ತದೆ, 1939ರಲ್ಲಿ ಶುರುವಾದದ್ದು. ಮೂರು ಗಂಟೆಯ ಪೂರ್ತಿ ಕಛೇರಿಗೆ ಮಗುವನ್ನು ಕೂರಿಸಿ.

ಮಗಳಿಗೆ ಹದಿನೆಂಟು, ಹತ್ತು ವರ್ಷ ಕಲಿತಿದ್ದಾಳೆ. ಅವಳು ಇಲ್ಲಿಯ ಚಿಕ್ಕ ಮಕ್ಕಳಿಗೆ ಹೇಳಿಕೊಡಬಹುದೇ?

ಗುರುಗಳ ಒಪ್ಪಿಗೆ ಪಡೆದು ಹೇಳಿಕೊಡಲಿ. ಅಲ್ಲಿಯ ಮಕ್ಕಳ ನಾಲಿಗೆ ಎಲ್ಲಿ ತೊಡರುತ್ತದೆ ಎಂಬುದು ಅವಳಿಗೆ ನಮಗಿಂತ ಚೆನ್ನಾಗಿ ಗೊತ್ತು. ಮೊದಲ ವರ್ಷ ಇಬ್ಬರೋ ಮೂವರೋ ಮಕ್ಕಳು, ಅಲಂಕಾರದವರೆಗೆ ಮಾತ್ರ. ತಿಂಗಳಿಗೊಂದು ಪಾಠವನ್ನು ವಿಡಿಯೋ ಮಾಡಿ ಗುರುಗಳಿಗೆ ಕಳಿಸಲಿ. ಅವರು ನೋಡುವುದು ಮಕ್ಕಳನ್ನಲ್ಲ, ಇವಳು ಎಷ್ಟು ಹೊತ್ತು ಹಾಡಿದಳು, ಎಷ್ಟು ಹೊತ್ತು ಕೇಳಿಸಿಕೊಂಡಳು ಎಂಬುದನ್ನು. ಹೊಸ ಟೀಚರ್‌ಗಳು ಮಕ್ಕಳ ಮೇಲೆಯೇ ಹಾಡಿಬಿಡುತ್ತಾರೆ, ಮಗುವಿನ ದನಿ ಕೇಳಿಸುವುದೇ ಇಲ್ಲ. ಪಾಠಕ್ಕೆ ಕೂರುವ ಮೊದಲು ಅವಳ ಸ್ವಂತ ಅಭ್ಯಾಸ ಮುಗಿದಿರಬೇಕು, ಯಾಕೆಂದರೆ ಐದೂವರೆ ಮನೆಯ ಮಕ್ಕಳ ಜೊತೆ ಒಂದು ಗಂಟೆ ಹಾಡಿದ ಮೇಲೆ ಐದು ಮನೆಯ ಅವಳ ಕಂಠ ಮಂದ್ರಕ್ಕೆ ಇಳಿಯುವುದಿಲ್ಲ.